ಪಿಎಫ್‌ನಲ್ಲಿ ಮಂಜುಳಾ, ಆಧಾರ್‌ನಲ್ಲಿ ಮಾರಮ್ಮ: ಯಾವುದನ್ನು ತಿದ್ದಿಸಬೇಕು?

ಪ್ರಶ್ನೆ | ಮಾಗಡಿ ಕಡೆಯ ಟೈಲರ್

ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ 2009ರ ಜೂನ್‌ನಿಂದ 2023ರ ಫೆಬ್ರವರಿಯವರೆಗೆ ಹೊಲಿಗೆ ಕೆಲಸ ಮಾಡಿದ್ದೇನೆ. ಶರ್ಟಿನ ಲೈನು, ಕಾಲರ್ ಕೂರಿಸುವ ಕೆಲಸ. ಆಮೇಲೆ ಆ ಯೂನಿಟ್ ಮುಚ್ಚಿದರು. ಕಂಪನಿಯ ಮುಖ್ಯ ಕಚೇರಿ ಮಾತ್ರ ಬೆಂಗಳೂರಿನಲ್ಲೇ ಇದೆ. ಪಿಎಫ್ ಹಣಕ್ಕೆ ಅರ್ಜಿ ಹಾಕಿದರೆ ಹೆಸರು ಹೊಂದುವುದಿಲ್ಲ ಎಂದು ಎರಡು ಸಲ ತಿರಸ್ಕಾರವಾಗಿದೆ.

ಕೆಲಸಕ್ಕೆ ಸೇರಿದ ದಿನ ಟೈಮ್ ಆಫೀಸಿನ ಗುಮಾಸ್ತರು ಹೆಸರು ಕೇಳಿದರು. ಮಾರಮ್ಮ ಎಂದೆ. ಅವರು ಪೆನ್ನು ಎತ್ತಿ ನನ್ನ ಮುಖ ನೋಡಿ, “ಈ ವಯಸ್ಸಿಗೆ ಇದೇನಮ್ಮ ಅಜ್ಜಿಯ ಹೆಸರು, ಮಂಜುಳಾ ಎಂದು ಬರೆಯುತ್ತೇನೆ” ಎಂದರು. ಬರೆದೂಬಿಟ್ಟರು. ಮೂರು ದಿನ ಬೆಳಿಗ್ಗೆ ಗೇಟಿನ ಮುಂದೆ ನಿಂತ ಮೇಲೆ ಸಿಕ್ಕಿದ ಕೆಲಸ. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಪಡಿತರ ಚೀಟಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋಗಿದ್ದೆ, ಅದನ್ನು ಬಿಚ್ಚಿ ನೋಡಿ ಎಂದು ಅವರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಅಂದಿನಿಂದ ಕೊರಳಿನ ಕಾರ್ಡಿನಲ್ಲಿ, ಸಂಬಳದ ಚೀಟಿಯಲ್ಲಿ, ಕಾರ್ಮಿಕರ ಆರೋಗ್ಯ ವಿಮೆಯ ಇಎಸ್‌ಐ ಕಾರ್ಡಿನಲ್ಲಿ ಎಲ್ಲ ಕಡೆ ಮಂಜುಳಾ. ಎರಡನೆಯ ಹೆರಿಗೆ ಇಎಸ್‌ಐ ಆಸ್ಪತ್ರೆಯಲ್ಲಿ ಆಯಿತು. ಹಾಗಾಗಿ ಮಗಳ ಜನನ ಪ್ರಮಾಣಪತ್ರದಲ್ಲೂ ತಾಯಿ ಮಂಜುಳಾ. ಬ್ಯಾಂಕಿನ ಪಾಸ್‌ಬುಕ್ ಒಂದರಲ್ಲಿ ಮಾತ್ರ ಮಾರಮ್ಮ ಎಂದಿದೆ, ಏಕೆಂದರೆ ಆ ಖಾತೆಯನ್ನು ಆಧಾರ್ ಕೊಟ್ಟು ನಾನೇ ತೆರೆದೆ.

ಒಂದು ಮಾತನ್ನು ಮುಚ್ಚಿಡಬಾರದು. ಆ ಹೆಸರಿನಿಂದ ನನಗೆ ಸ್ವಲ್ಪ ನೆಮ್ಮದಿಯೂ ಸಿಕ್ಕಿತ್ತು. ನಮ್ಮ ಕೇರಿಯಲ್ಲಿ ಮನೆಗೊಬ್ಬಳು ಮಾರಮ್ಮ ಇದ್ದಾಳೆ. ಊಟದ ಹೊತ್ತಿನಲ್ಲಿ ಡಬ್ಬಿ ಬಿಚ್ಚುವಾಗ ಹೆಸರು ಕೇಳುತ್ತಿದ್ದಂತೆ “ಯಾವ ಊರು, ಊರಿನಲ್ಲಿ ಯಾವ ಬೀದಿ, ನೀವು ಯಾವ ಪೈಕಿ” ಎಂದು ಕೇಳುವವರು ನಮ್ಮ ಬ್ಯಾಚಿನಲ್ಲೇ ಇದ್ದರು. ಮಂಜುಳಾ ಎಂದರೆ ಆ ಪ್ರಶ್ನೆ ಅಷ್ಟಾಗಿ ಬರುತ್ತಿರಲಿಲ್ಲ. ಹದಿಮೂರು ವರ್ಷ ನನ್ನ ಸಾರನ್ನು ಹಂಚಿಕೊಂಡು ತಿಂದ ಗೆಳತಿಗೆ ನನ್ನ ನಿಜವಾದ ಹೆಸರು ಗೊತ್ತಾಗಿದ್ದು ಯೂನಿಟ್ ಮುಚ್ಚಿದ ಮೇಲೆ.

ಈಗ ಮುಖ್ಯ ಕಚೇರಿಯವರು ಹೇಳುವುದು ಇಷ್ಟು: “ಆಧಾರ್‌ನಲ್ಲೇ ಮಂಜುಳಾ ಎಂದು ಮಾಡಿಸಿಕೊಂಡು ಬಾ, ಬೇಗ ಮುಗಿಯುತ್ತದೆ.” ಕೆಲಸ ಬಿಟ್ಟಾಗ ಸೇವೆಯ ವರ್ಷಕ್ಕೆ ತಕ್ಕಂತೆ ಸಿಗುವ ಗ್ರಾಚ್ಯುಟಿ ಹಣ ಕೇಳಿದ್ದಕ್ಕೆ ಅದೂ ಪಿಎಫ್ ಜೊತೆಗೇ ಬರುತ್ತದೆ ಎಂದರು. ಇದು ನಿಜವೇ? ಕೊನೆಯ ಸಂಬಳದಲ್ಲಿ ಮೂಲ ವೇತನ, ತುಟ್ಟಿಭತ್ಯೆ ಸೇರಿ 11,700 ರೂಪಾಯಿ ಇತ್ತು.

2016ರ ಏಪ್ರಿಲ್‌ನಲ್ಲಿ, 58 ವರ್ಷ ತುಂಬುವವರೆಗೆ ಮಾಲೀಕರ ಪಾಲಿನ ಪಿಎಫ್ ತೆಗೆಯುವಂತಿಲ್ಲ ಎಂಬ ನಿಯಮ ಬಂದಾಗ ತುಮಕೂರು ರಸ್ತೆಗೆ ಇಳಿದವರಲ್ಲಿ ನಾನೂ ಒಬ್ಬಳು. ಯಾವ ಮುಖಂಡರೂ ಕರೆದಿರಲಿಲ್ಲ, ಮೆಷಿನ್ ನಿಲ್ಲಿಸಿ ನಾವೇ ಎದ್ದು ಬಂದಿದ್ದೆವು. 18 ಮತ್ತು 19, ಎರಡೇ ದಿನ. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂದು ಅಷ್ಟು ಜನ ಉಳಿಸಿಕೊಂಡ ಹಣವನ್ನು ಇಂದು ನನ್ನ ಹೆಸರು ನನ್ನದಲ್ಲ ಎಂದು ಬರೆದುಕೊಟ್ಟು ಪಡೆಯಬೇಕೇ? ತಿಳಿದವರು ಹೇಳಿ.

ಉತ್ತರ 1 | ಮದ್ದೂರಿನಿಂದ

ಅಕ್ಕಾ, ನನ್ನದೂ ಇದೇ ಪಾಡಾಗಿತ್ತು, ಹುಟ್ಟಿದ ದಿನಾಂಕದ ವಿಷಯದಲ್ಲಿ. ನನ್ನ ಅನುಭವದಿಂದ ಹೇಳುತ್ತೇನೆ, ಮೊದಲು ಹಣ ಕೈಗೆ ಬರಲಿ. ಆಧಾರ್ ತಿದ್ದಿಸಿಕೊಳ್ಳಿ. ಹೆಸರಿನ ಹಟ ಹಿಡಿದು ಒಂದು ವರ್ಷ ಅಲೆದರೆ ಬಸ್ಸಿನ ಚಾರ್ಜು, ಒಂದು ದಿನದ ಕೂಲಿ ಎರಡೂ ಹೋಗುತ್ತವೆ. ನಾನು ಏಳು ಸಲ ಅಲೆದಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ.

ಉತ್ತರ 2 | ಕಾರ್ಮಿಕರ ಅರ್ಜಿ ಬರೆದುಕೊಡುವವನು

ಮದ್ದೂರಿನ ಸಹೋದರಿಯ ಕಷ್ಟ ಅರ್ಥವಾಗುತ್ತದೆ, ಆದರೆ ಈ ಸಲಹೆ ಬೇಡ. ಆಧಾರ್ ಬದಲಾದರೆ ಬ್ಯಾಂಕು, ಪಡಿತರ, ಜಮೀನಿನ ಪಹಣಿ, ಜಾತಿ ಪ್ರಮಾಣಪತ್ರ ಎಲ್ಲವೂ ಒಂದಕ್ಕೊಂದು ಹೊಂದದೆ ಹೋಗುತ್ತವೆ. ಒಂದು ಗಂಟು ಬಿಚ್ಚಲು ಹೋಗಿ ಐದು ಗಂಟು ಹಾಕಿಕೊಂಡಂತೆ. ತಪ್ಪು ಇರುವುದು ಪಿಎಫ್ ದಾಖಲೆಯಲ್ಲಿ, ತಿದ್ದಬೇಕಾದದ್ದೂ ಅದನ್ನೇ.

ದಾರಿ ಹೀಗಿದೆ. ಕಾರ್ಮಿಕ ಮತ್ತು ಮಾಲೀಕ ಇಬ್ಬರೂ ಸೇರಿ ಕೊಡುವ ಜಂಟಿ ಘೋಷಣೆ ಎಂಬ ಅರ್ಜಿ ಇದೆ. ನಿಮ್ಮ ಯುಎಎನ್, ಅಂದರೆ ಪಿಎಫ್ ಸದಸ್ಯರ ಸಂಖ್ಯೆ, 2017ರ ಅಕ್ಟೋಬರ್‌ಗೆ ಮೊದಲೇ ಆಗಿರುವುದರಿಂದ ನೀವೊಬ್ಬರೇ ಮೊಬೈಲಿನಲ್ಲಿ ತಿದ್ದಿಕೊಳ್ಳಲು ಆಗುವುದಿಲ್ಲ, ಕಂಪನಿಯ ಒಪ್ಪಿಗೆ ಬೇಕು. ಯೂನಿಟ್ ಮುಚ್ಚಿದ್ದರೂ ಕಂಪನಿ ಇದೆಯಲ್ಲ, ಆ ಜವಾಬ್ದಾರಿ ಅವರದೇ. ಪೂರ್ತಿ ಹೆಸರೇ ಬೇರೆ ಇರುವುದರಿಂದ ಪಿಎಫ್ ಕಚೇರಿಯವರು ಹೆಚ್ಚು ದಾಖಲೆ ಕೇಳುತ್ತಾರೆ. ಹೆಸರು ಬದಲಾಯಿಸಿಕೊಂಡದ್ದಕ್ಕೆ ಸರ್ಕಾರಿ ಗೆಜೆಟ್ ಪ್ರಕಟಣೆ ತನ್ನಿ ಎಂದೂ ಹೇಳಬಹುದು. ಆಗ ನೀವು ಸ್ಪಷ್ಟವಾಗಿ ಬರೆದುಕೊಡಬೇಕಾದ ಮಾತು: “ನಾನು ಹೆಸರು ಬದಲಾಯಿಸಿಕೊಂಡಿಲ್ಲ. ಸೇರುವಾಗ ತಪ್ಪಾಗಿ ಬರೆದಿದ್ದಾರೆ.”

ನಿಮ್ಮ ಕೈಯಲ್ಲಿರುವ ಬಲವಾದ ಸಾಕ್ಷಿ ಆ ಪಾಸ್‌ಬುಕ್. ಮಂಜುಳಾ ಎಂಬ ಸಂಬಳದ ಚೀಟಿಯಲ್ಲಿ ಖಾತೆ ಸಂಖ್ಯೆ ಇದ್ದರೆ, ಅದೇ ಸಂಖ್ಯೆಯ ಪಾಸ್‌ಬುಕ್ ಮಾರಮ್ಮನದು. ಪ್ರತಿ ತಿಂಗಳೂ ಕಂಪನಿ ಮಂಜುಳಾಳ ಸಂಬಳವನ್ನು ಮಾರಮ್ಮನಿಗೆ ಹಾಕಿದೆ. ಇಬ್ಬರೂ ಒಬ್ಬರೇ ಎಂದು ಕಂಪನಿಯೇ ಒಪ್ಪಿದ ಹಾಗೆ. ಎರಡನ್ನೂ ಜೊತೆಗಿಟ್ಟು ನೆರಳಚ್ಚು ಮಾಡಿಸಿ, ಇಎಸ್‌ಐ ಕಾರ್ಡು, ಮತದಾರರ ಚೀಟಿ, ಪಡಿತರ ಚೀಟಿ ಸೇರಿಸಿ.

ಗ್ರಾಚ್ಯುಟಿ ಪಿಎಫ್ ಜೊತೆ ಬರುತ್ತದೆ ಎಂದದ್ದು ಶುದ್ಧ ಸುಳ್ಳು. ಅದನ್ನು ಮಾಲೀಕರೇ ಕೊಡಬೇಕು, ನೀವು ಕೆಲಸ ಬಿಟ್ಟಾಗ ಜಾರಿಯಲ್ಲಿದ್ದ 1972ರ ಕಾಯ್ದೆಯಿಂದ ಬಂದ ಹಕ್ಕು ಅದು. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ನಿಮ್ಮದು ಹದಿಮೂರು ವರ್ಷ ಎಂಟು ತಿಂಗಳು. ಆರು ತಿಂಗಳಿಗಿಂತ ಹೆಚ್ಚಾದರೆ ಪೂರ್ತಿ ವರ್ಷ, ಹಾಗಾಗಿ 14. ದಿನಕ್ಕೆ 450, ಹದಿನೈದು ದಿನಕ್ಕೆ 6,750, ಒಟ್ಟು 94,500 ರೂಪಾಯಿ. 30 ದಿನದೊಳಗೆ ಕೊಡಬೇಕಿತ್ತು, ತಡವಾದದ್ದಕ್ಕೆ ಬಡ್ಡಿಯನ್ನೂ ಕೇಳಬಹುದು. ಕೊಡದಿದ್ದರೆ ಸಹಾಯಕ ಕಾರ್ಮಿಕ ಆಯುಕ್ತರಿಗೆ ಅರ್ಜಿ ಹಾಕಿ. ತಡಮಾಡಬೇಡಿ.

ಇನ್ನೊಂದು ವಿಷಯ. ಹತ್ತು ವರ್ಷ ದಾಟಿರುವುದರಿಂದ ಪಿಂಚಣಿಯ ಭಾಗವನ್ನು ಒಟ್ಟಿಗೆ ತೆಗೆಯಲು ಬರುವುದಿಲ್ಲ, 58 ತುಂಬಿದ ಮೇಲೆ ತಿಂಗಳು ತಿಂಗಳು ಬರುತ್ತದೆ. ಆ ಪಿಂಚಣಿ ಪತ್ರದಲ್ಲೂ ನಿಮ್ಮದೇ ಹೆಸರು ಇರಬೇಡವೇ? ಕಂಪನಿ ಸತಾಯಿಸಿದರೆ ಪ್ರತಿ ತಿಂಗಳ 27ರಂದು ಪಿಎಫ್‌ನವರು ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಅಹವಾಲು ಸಭೆ ನಡೆಸುತ್ತಾರೆ, ಕಾಗದಗಳೊಂದಿಗೆ ಅಲ್ಲಿಗೇ ಹೋಗಿ.

ಉತ್ತರ 3 | ನಿವೃತ್ತ ಗುಮಾಸ್ತ

ಅಮ್ಮಾ, ನಾನು ಬೇರೊಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಇದ್ದವನು. ದಿನಕ್ಕೆ ನಲವತ್ತು ಫಾರ್ಮ್ ತುಂಬುವಾಗ ಎಷ್ಟೋ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದಿದ್ದೇನೆ. ಕೆಲವನ್ನು ನನಗೆ ಚೆಂದ ಕಂಡ ಹಾಗೂ ಬರೆದಿದ್ದೇನೆ. ಒಳ್ಳೆಯದೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಮ್ಮ ಪತ್ರ ಓದಿದ ಮೇಲೆ ಆ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ಹೀಗೆ ಅಲೆಯುತ್ತಿದ್ದಾರೋ ಎಂದು ಸಂಕಟವಾಗುತ್ತಿದೆ. ಒಂದು ಸಹಾಯವಾಗಬಹುದಾದ ಮಾತು: ಕಂಪನಿಯ ಹಳೆಯ ಹಾಜರಿ ಪುಸ್ತಕದಲ್ಲಿ ಟೋಕನ್ ಸಂಖ್ಯೆ ಇರುತ್ತದೆ. ಹೆಸರು ಬಿಟ್ಟು ಟೋಕನ್ ಸಂಖ್ಯೆ ಹೇಳಿ ಕೇಳಿ, ಬೇಗ ಹುಡುಕುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೈಮುಗಿಯುತ್ತೇನೆ. ಟೋಕನ್ ಸಂಖ್ಯೆ 1146. ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ. ಗುಮಾಸ್ತರು ಹೇಳಿದಂತೆ ಮುಖ್ಯ ಕಚೇರಿಯಲ್ಲಿ ಅದನ್ನೇ ಹೇಳಿದೆ, ಹತ್ತು ನಿಮಿಷದಲ್ಲಿ ಪುಸ್ತಕ ಸಿಕ್ಕಿತು.

ಜಂಟಿ ಘೋಷಣೆಗೆ ಸಹಿ ಹಾಕುವಾಗ ಕೈ ನಿಂತಿತು. ಸಂಬಳದ ಪುಸ್ತಕದಲ್ಲಿ ಇಷ್ಟು ವರ್ಷ ಮಂಜುಳಾ ಎಂದೇ ಸಹಿ ಮಾಡಿದ ಕೈ. ‘ಮಾ’ ಬರೆದು, ‘ರ’ ಬರೆದು, ‘ಮ್ಮ’ ಬರುವಷ್ಟರಲ್ಲಿ ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಹಳೆಯ ಸಹಿಗೆ ಇದು ಹೊಂದುವುದಿಲ್ಲ ಎಂದು ಅಲ್ಲಿದ್ದ ಹುಡುಗ ಹೇಳಿದ. ಹೊಂದಬಾರದು ಎಂದೇ ಈ ಅರ್ಜಿ ಕೊಡುತ್ತಿರುವುದು ಎಂದು ಹೇಳಿ ಪಾಸ್‌ಬುಕ್ಕಿನ ನೆರಳಚ್ಚನ್ನು ಮುಂದಿಟ್ಟೆ. ಸ್ವೀಕೃತಿಗೆ ಮೊಹರು ಹಾಕಿಕೊಟ್ಟಿದ್ದಾರೆ. ಗ್ರಾಚ್ಯುಟಿ ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಮದ್ದೂರಿನ ತಂಗಿ, ನನಗೆ ಬೇಸರವಿಲ್ಲ. ನಿನ್ನ ದಿನಾಂಕ ಸರಿಯಾಯಿತೇ, ಹಣ ಬಂತೇ? ಅದನ್ನು ನೀನು ಬರೆಯಲೇ ಇಲ್ಲ. ಬಂದಿಲ್ಲದಿದ್ದರೆ ಈ ತಿಂಗಳ 27ಕ್ಕೆ ನೀನೂ ನಿಮ್ಮ ಜಿಲ್ಲೆಯ ಸಭೆಗೆ ಹೋಗು. ಅರ್ಜಿಯಲ್ಲಿ ಏನು ಬರೆಯಬೇಕು ಎಂದು ನಾನು ಹೇಳಿಕೊಡುತ್ತೇನೆ.