ದಪ್ಪ ಸಂಯುಕ್ತ ಫಲಕದಲ್ಲಿ ರಾಳದ ಹರಿವನ್ನೂ ಶಾಖವನ್ನೂ ಜೋಡಿಸಿಯೇ ಲೆಕ್ಕ ಹಾಕಬೇಕೇ?

ಪ್ರಶ್ನೆ:
ಗಾಜಿನ ನಾರಿನ ಬಟ್ಟೆಯನ್ನು ಪದರಪದರವಾಗಿ ಹಾಸಿ, ನಿರ್ವಾತದ ಸೆಳೆತದಿಂದ ಎಪಾಕ್ಸಿ ರಾಳವನ್ನು ತುಂಬಿಸಿ, 1 ಮೀಟರ್ ಉದ್ದದ, 40 ಮಿ.ಮೀ. ದಪ್ಪದ ಫಲಕವೊಂದನ್ನು ತಯಾರಿಸಿದೆ. ಡಾರ್ಸಿ ನಿಯಮದ (ರಂಧ್ರಗಳುಳ್ಳ ವಸ್ತುವಿನೊಳಗಿನ ಹರಿವನ್ನು ಒತ್ತಡದಿಂದ ಲೆಕ್ಕ ಹಾಕುವ ನಿಯಮ) ಮಾದರಿಯಲ್ಲಿ ಸ್ನಿಗ್ಧತೆಯನ್ನು, ಅಂದರೆ ರಾಳ ಹರಿಯಲು ತೋರುವ ಪ್ರತಿರೋಧವನ್ನು, ಸ್ಥಿರವೆಂದು ಹಿಡಿದಿದ್ದೆ. ಶಾಖದ ಲೆಕ್ಕವನ್ನು ಅಚ್ಚು ತುಂಬಿದ ಮೇಲಷ್ಟೇ ಆರಂಭಿಸಿದ್ದೆ. ಆದರೆ ಕೊನೆಯ ಕಾಲುಭಾಗದಲ್ಲಿ ರಾಳದ ಮುಂಚೂಣಿ ತೀರಾ ನಿಧಾನವಾಯಿತು, ನಡುವೆ ಹುದುಗಿಸಿದ್ದ ಥರ್ಮೋಕಪಲ್ (ತಾಪ ಅಳೆಯುವ ತಂತಿ) ಲೆಕ್ಕವನ್ನು ಮೀರಿದ ತಾಪವನ್ನು ತೋರಿಸಿತು. ತಪ್ಪಿರುವುದು ಪಾರಗಮ್ಯತೆಯ (ಬಟ್ಟೆ ತನ್ನೊಳಗೆ ರಾಳವನ್ನು ಎಷ್ಟು ಸಲೀಸಾಗಿ ಹರಿಯಗೊಡುತ್ತದೆ ಎಂಬುದರ) ಮೌಲ್ಯದಲ್ಲೋ, ಹರಿವು, ಶಾಖ ಎರಡನ್ನೂ ಬೇರ್ಪಡಿಸಿದ್ದರಲ್ಲೋ?

ಉತ್ತರ 1:
ಮುಂಚೂಣಿ ನಿಧಾನವಾಯಿತೆಂಬುದೊಂದೇ ಸಾಕ್ಷಿಯಾಗದು. ಸ್ಥಿರ ಒತ್ತಡದ ನೇರ ಹರಿವಿನಲ್ಲಿ ಕ್ರಮಿಸಿದ ದೂರವು ಕಾಲದ ವರ್ಗಮೂಲಕ್ಕೆ ಅನುಪಾತದಲ್ಲಿರುವುದರಿಂದ, ಸ್ನಿಗ್ಧತೆ ಕಿಂಚಿತ್ತೂ ಬದಲಾಗದಿದ್ದರೂ ಕೊನೆಯ ಕಾಲುಭಾಗವೇ ಒಟ್ಟು ಸಮಯದ ಸುಮಾರು ಶೇ. 44ರಷ್ಟನ್ನು ತಿನ್ನುತ್ತದೆ. ದೂರದ ವರ್ಗವನ್ನು ಕಾಲಕ್ಕೆ ಎದುರಾಗಿ ನಕ್ಷೆ ಹಾಕಿ ನೋಡಿ. ಗೆರೆ ಉದ್ದಕ್ಕೂ ನೇರವಾಗಿದ್ದು ಇಳಿಜಾರು ಮಾತ್ರ ಬೇರೆಯಾಗಿದ್ದರೆ ಪಾರಗಮ್ಯತೆಯನ್ನು ಶಂಕಿಸಬೇಕು; ನಡುದಾರಿಯಲ್ಲಿ ಬಾಗಿದ್ದರೆ ರಾಳ ಗಟ್ಟಿಯಾಗತೊಡಗಿದೆ ಎಂದೇ ಬಹುಮಟ್ಟಿಗೆ ಅರ್ಥ. ಅಂಚುಗಳಲ್ಲಿ ಬಟ್ಟೆಗೂ ಅಚ್ಚಿಗೂ ನಡುವೆ ಸಂದಿ ಉಳಿದಿದ್ದರೆ ರಾಳ ಅಲ್ಲಿ ಮುಂದೋಡುತ್ತದೆ, ಆದ್ದರಿಂದ ಅಳತೆಯನ್ನು ಮಧ್ಯರೇಖೆಯ ಮೇಲೆಯೇ ತೆಗೆದುಕೊಳ್ಳಿ.

ಉತ್ತರ 2:
ಜೋಡಣೆ ಬೇಕೇ ಎಂಬುದನ್ನು ಕಾಲಮಾನಗಳ ಹೋಲಿಕೆಯೇ ಹೇಳುತ್ತದೆ. ರಂಧ್ರಾಂಶ (ಬಟ್ಟೆಯಲ್ಲಿ ರಾಳ ತುಂಬಬಹುದಾದ ಖಾಲಿ ಜಾಗದ ಪಾಲು) 0.5, ಸ್ನಿಗ್ಧತೆ 0.2 ಪ್ಯಾಸ್ಕಲ್-ಸೆಕೆಂಡ್, ಪಾರಗಮ್ಯತೆ ಚದರ ಮೀಟರಿನ ಸಾವಿರ ಕೋಟಿಯ ಒಂದು ಪಾಲು, ಒತ್ತಡದ ವ್ಯತ್ಯಾಸ 1 ಬಾರ್ ಎಂದಿಟ್ಟುಕೊಂಡರೆ 1 ಮೀಟರ್ ತುಂಬಲು 5000 ಸೆಕೆಂಡು ಬೇಕು. ಅತ್ತ, 40 ಮಿ.ಮೀ. ದಪ್ಪದ ನಡುವಿನಿಂದ ಶಾಖ ಹೊರಬರಲು ಸುಮಾರು 2500 ಸೆಕೆಂಡು ಹಿಡಿಯುತ್ತದೆ, 4 ಮಿ.ಮೀ. ಫಲಕದಲ್ಲಿ ಅದು ಕೇವಲ 25 ಸೆಕೆಂಡು. ರಾಳ ಗಟ್ಟಿಯಾಗುವ ಕ್ರಿಯೆ ಬಹಿರುಷ್ಣಕ, ಅಂದರೆ ಶಾಖ ಹೊರಸೂಸುವಂಥದು, ಆದುದರಿಂದ, ಗ್ರಾಂ ಒಂದಕ್ಕೆ 400 ಜೌಲ್ ಹೊಮ್ಮಿ ಅದಷ್ಟೂ ಒಳಗೇ ಉಳಿದರೆ, ನಾರು ಹೀರುವುದನ್ನು ಕಳೆದೂ ತಾಪ 120 ಡಿಗ್ರಿಯಷ್ಟು ಏರಬಲ್ಲದು. ತೆಳು ಫಲಕಕ್ಕೆ ಸಲ್ಲುವ ಬೇರ್ಪಡಿಕೆ ನಿಮ್ಮದಕ್ಕೆ ಸಲ್ಲದು.

ಅನೇಕರು ಎಡವುವ ಜಾಗವೊಂದಿದೆ, ಅದನ್ನು ಒತ್ತಿ ಹೇಳಬೇಕೆನಿಸುತ್ತದೆ. ಮುಂಚೂಣಿಯಲ್ಲಿರುವುದು ಎಲ್ಲಕ್ಕಿಂತ ಮೊದಲು ಒಳಹೊಕ್ಕ, ಅಂದರೆ ಅತ್ಯಂತ ಹಳೆಯ ರಾಳ. ಪ್ರವೇಶದ್ವಾರದ ಬಳಿಯದು ಹೊಸತು. ಹೀಗಾಗಿ ಕ್ಯೂರ್ ಪ್ರಮಾಣವನ್ನು (ರಾಳ ಎಷ್ಟರ ಮಟ್ಟಿಗೆ ಗಟ್ಟಿಗೊಂಡಿದೆ ಎಂಬುದನ್ನು) ಲೆಕ್ಕದ ಜಾಲದ ಸ್ಥಿರ ಬಿಂದುಗಳಿಗೆ ಅಂಟಿಸದೆ ರಾಳದೊಡನೆಯೇ ಸಾಗಿಸಬೇಕು, ಅಂದರೆ ಕ್ಯೂರ್ ಸಮೀಕರಣದಲ್ಲಿ ಹರಿವಿನ ವೇಗದ ಪದ ಇರಲೇಬೇಕು. ಅದನ್ನು ಬಿಟ್ಟರೆ ಎಷ್ಟೇ ಸೂಕ್ಷ್ಮ ಜಾಲ ಹೆಣೆದರೂ ಸ್ನಿಗ್ಧತೆ ತಪ್ಪಾದ ಜಾಗದಲ್ಲಿ ಏರುತ್ತದೆ.

ಪ್ರಶ್ನೆ ಕೇಳಿದವರು:
ನಕ್ಷೆ ಹಾಕಿದೆ. ಸುಮಾರು 50 ನಿಮಿಷದವರೆಗೆ ಗೆರೆ ನೇರವಾಗಿದೆ, ಆಮೇಲೆ ಸ್ಪಷ್ಟವಾಗಿ ಬಾಗಿದೆ. ನನ್ನ ಕ್ಯೂರ್ ಸಮೀಕರಣದಲ್ಲಿ ವೇಗದ ಪದ ಇರಲಿಲ್ಲ, ಈಗ ಸೇರಿಸುತ್ತಿದ್ದೇನೆ.

ಉತ್ತರ 2:
ಜೊತೆಗೆ, ಪ್ರವೇಶದ್ವಾರವನ್ನು ಅಂಚಿನಿಂದ ಫಲಕದ ನಡುಗೆರೆಗೆ ಸರಿಸಿದ ಸ್ಥಿತಿಯನ್ನೂ ಅದೇ ಮಾದರಿಯಲ್ಲಿ ಓಡಿಸಿ ನೋಡಿ. ಹರಿವಿನ ಉದ್ದ ಅರ್ಧವಾದರೆ ಭರ್ತಿಯ ಸಮಯ ಕಾಲುಭಾಗಕ್ಕೆ, ಅಂದರೆ ಮೇಲಿನ ಲೆಕ್ಕದಲ್ಲಿ 21 ನಿಮಿಷಕ್ಕೆ ಇಳಿಯುತ್ತದೆ, ಮತ್ತು ಗೆರೆ ಬಾಗುವ ಹೊತ್ತಿಗೆ ಮೊದಲೇ ಅಚ್ಚು ತುಂಬಿರುತ್ತದೆ. ನಡುವಿನ ತಾಪದ ಏರಿಕೆ ಮಾತ್ರ ಇದರಿಂದ ತಗ್ಗದು. ಅದಕ್ಕೆ ಕ್ಯೂರಿಂಗ್ ತಾಪವನ್ನು ಹಂತಹಂತವಾಗಿ ಏರಿಸಬೇಕಾಗುತ್ತದೆ.