ಸಹಾಯ ಬೇಕು: ಟಮ್ಮಿ ಟಕ್ ಆದ ಮೇಲೆ ಮತ್ತೆ ಮತ್ತೆ ನೀರು ತುಂಬುತ್ತಿದೆ

ನಾನು ಮಂಡ್ಯದವಳು. ತೂಕ ಇಳಿಸಿದ ಮೇಲೆ ಜೋತುಬಿದ್ದ ಹೊಟ್ಟೆ ಚರ್ಮಕ್ಕೆ ಮೈಸೂರಿನಲ್ಲಿ ಟಮ್ಮಿ ಟಕ್ ಆಪರೇಷನ್ (ಹೆಚ್ಚುವರಿ ಚರ್ಮ ತೆಗೆದು ಹೊಟ್ಟೆ ಬಿಗಿ ಮಾಡುವುದು) ಮಾಡಿಸಿಕೊಂಡೆ. ಇವತ್ತಿಗೆ ಐದು ವಾರ. ಒಳಗಿನ ನೀರು ಹೊರಗೆ ಹೋಗಲು ಹಾಕಿದ್ದ ಡ್ರೈನ್ ಪೈಪ್ ತೆಗೆದ ನಾಲ್ಕೇ ದಿನಕ್ಕೆ ಹೊಕ್ಕುಳ ಕೆಳಗೆ ಊದಿಕೊಂಡಿತು. ಮಗ್ಗುಲಾದರೆ ಬಿಂದಿಗೆಯಲ್ಲಿ ನೀರು ತುಳುಕಿದ ಹಾಗೆ. ಸೆರೋಮಾ, ಅಂದರೆ ಆಪರೇಷನ್ ಆದ ಜಾಗದಲ್ಲಿ ಚರ್ಮದ ಕೆಳಗೆ ನೀರು ತುಂಬುವುದು, ಅಂದರು ಡಾಕ್ಟರು. ಮೂರು ಸಲ ಸಿರಿಂಜಿನಲ್ಲಿ ತೆಗೆದರು: 120, 90, ಮತ್ತೆ 110 ಎಂಎಲ್. ತಿಳಿ ಹಳದಿ ಬಣ್ಣ. ಜ್ವರ ಇಲ್ಲ. ಸ್ನಾನ ಬಿಟ್ಟರೆ ಹೊಟ್ಟೆಗೆ ಬಿಗಿಯಾಗಿ ಕಟ್ಟುವ ಬೆಲ್ಟ್ ಬಿಚ್ಚುವುದೇ ಇಲ್ಲ, ಭಾರವನ್ನೂ ಎತ್ತಿಲ್ಲ. ಎರಡನೇ ಸಲ ನೀರು 90 ಎಂಎಲ್‌ಗೆ ಇಳಿದಾಗ ಎಷ್ಟು ಖುಷಿಯಾಗಿತ್ತು ಗೊತ್ತಾ!

ಈಗ ಇನ್ನೊಂದು ವಾರ ಕಾಯಬಹುದು, ಇಲ್ಲ ಮತ್ತೆ ಡ್ರೈನ್ ಹಾಕಬಹುದು, ನೀವೇ ಹೇಳಿ ಅಂತಾರೆ ಡಾಕ್ಟರು. ಅದೇ ನನಗೆ ತಿಳಿಯುತ್ತಿಲ್ಲ. ಮನೆಯವರು ಸುಮ್ನೆ ಬೈಯುತ್ತಾರೆ, ರಾತ್ರಿ ಅಳು ಬರುತ್ತದೆ.

ಹೀಗೆ ಮೂರು ಸಲ ತುಂಬಿದವರು ಯಾರಾದರೂ ಇದ್ದೀರಾ? ಸೂಜಿಯಲ್ಲೇ ತೆಗೆಸುತ್ತಾ ಕಾದಿರಾ, ಡ್ರೈನ್ ಹಾಕಿಸಿದಿರಾ? ಎಷ್ಟು ವಾರಕ್ಕೆ ನಿಂತಿತು?