ಸೋಂಕುರೋಗ ವೈದ್ಯರ ಸಂಘಕ್ಕೆ ಮೆಂಬರ್ ಆಗಬೇಕಾ? ಶಿರಸಿಯಲ್ಲಿ ಕೂತವನಿಗೆ ಡಿವಿಡೆಂಡ್ ಎಷ್ಟು?

ಬೆಟ್ಟದ ಡಾಕ್ಟ್ರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಜನರಲ್ ಮೆಡಿಸಿನ್ ಎಂ.ಡಿ., ಶಿರಸಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಸೋಂಕುರೋಗದಲ್ಲಿ ಡಿ.ಎಂ., ಅಂದರೆ ಎಂ.ಡಿ. ನಂತರದ ವಿಶೇಷ ಪದವಿ, ಮಾಡಿದವನಲ್ಲ, ಇನ್ನು ಮಾಡುವ ಉಮೇದೂ ಇಲ್ಲ. ಆದರೆ ನನ್ನ ಒಪಿಡಿಗೆ ಬರುವವರಲ್ಲಿ ಅರ್ಧಕ್ಕರ್ಧ ಜ್ವರದವರೇ. ಮಳೆಗಾಲದಲ್ಲಿ ಡೆಂಗಿ, ಇಲಿಜ್ವರ. ಮಳೆ ಬಿಟ್ಟು ಹುಲ್ಲು ಎದೆಮಟ್ಟ ಬೆಳೆದ ಮೇಲೆ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್. ಅಡಿಕೆ ಕೊನೆ ಕೊಯ್ಲು ಮುಗಿದು ಬೆಟ್ಟದಲ್ಲಿ ದರಕು (ಒಣಗಿದ ಎಲೆ) ಬಾಚುವ ಹೊತ್ತಿಗೆ ಉಣುಗು (ಉಣ್ಣಿ) ಕಚ್ಚಿ ಬರುವ ಮಂಗನ ಕಾಯಿಲೆ.

ಕಳೆದ ಜನವರಿಯಲ್ಲಿ ಸಿದ್ದಾಪುರ ಕಡೆಯ ಒಬ್ಬ ಅಮ್ಮ ಬಂದರು. ಆರು ದಿನದ ಜ್ವರ, ತಲೆ ಸಿಡಿದುಹೋಗುವ ನೋವು, ಪ್ಲೇಟ್‌ಲೆಟ್ ಅರವತ್ತು ಸಾವಿರ. ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆ, ಉಣುಗು ಹತ್ತಿತ್ತು ಅಂದರು. 2024ರಲ್ಲಿ ಆ ತಾಲೂಕಿನ ಮಂಗನ ಕಾಯಿಲೆ ಹಾವಳಿ ನೋಡಿದವನಿಗೆ ಬೇರೆ ಯೋಚನೆ ಎಲ್ಲಿಂದ ಬರಬೇಕು? ರಕ್ತವನ್ನು ಶಿವಮೊಗ್ಗದ ಲ್ಯಾಬಿಗೆ ಕಳಿಸಿ, ಡ್ರಿಪ್ ಹಾಕಿ ಕೂತೆ. ಮೂರನೇ ದಿನ ರಿಪೋರ್ಟ್ ಬಂತು, ನೆಗೆಟಿವ್. ಜ್ವರ ಇಳಿದಿಲ್ಲ, ಉಸಿರು ಬೇರೆ ಏರುತ್ತಿದೆ. ಅವತ್ತು ಸಂಜೆ ಮೈ ಒರೆಸಲು ಹೋದ ನಮ್ಮ ಸಿಸ್ಟರ್ ವಾಪಸ್ ಬಂದು, “ಡಾಕ್ಟ್ರೇ, ಸೀರೆ ಗಂಟಿನ ಕೆಳಗೆ ಬೀಡಿಯಲ್ಲಿ ಸುಟ್ಟ ಹಾಗೆ ಕಪ್ಪು ಹಕ್ಕಳೆ ಇದೆ, ನೀವು ನೋಡಿದ್ದೀರಲ್ಲ?” ಅಂತ ಕೇಳಿದರು.

ನಾನು ನೋಡಿರಲಿಲ್ಲ. ಹೊಟ್ಟೆ ಒತ್ತಿ ಲಿವರು, ಸ್ಪ್ಲೀನು ಎಲ್ಲ ನೋಡಿದ್ದೆ. ಗಂಟು ಸಡಿಲಿಸಿ ನೋಡಿರಲಿಲ್ಲ. ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಚ್ಚಿದ ಕಡೆ ಆಗುವ ಹಕ್ಕಳೆ ಅದು, ಓದಿದ್ದೆಲ್ಲ ಒಮ್ಮೆಲೇ ನೆನಪಾಯಿತು. ಡಾಕ್ಸಿಸೈಕ್ಲಿನ್ ನೂರು ಮಿಲಿಗ್ರಾಂ, ದಿನಕ್ಕೆರಡು. ಎರಡು ದಿನದಲ್ಲಿ ಜ್ವರ ಬಿಟ್ಟಿತು. ಒಂದು ಸ್ಟ್ರಿಪ್ಪಿಗೆ ಬನ್ಸು, ಚಹಾದಷ್ಟು ದುಡ್ಡು.

ಆ ರಾತ್ರಿ ನಿದ್ದೆ ಬರಲಿಲ್ಲ. ಈ ವಿಷಯ ಕೇಳಲು ನನಗೆ ಊರಲ್ಲಿ ಒಬ್ಬರೂ ಇಲ್ಲವಲ್ಲ ಅನ್ನಿಸಿತು. ಆಗಿನಿಂದ ಮೂರು ಸಂಘಗಳ ಮೇಲೆ ಕಣ್ಣಿಟ್ಟಿದ್ದೇನೆ. ಅಮೆರಿಕದ ಸೋಂಕುರೋಗ ವೈದ್ಯರ ಸಂಘ ಐಡಿಎಸ್‌ಎ, ನಮ್ಮ ದೇಶದ ಕ್ಲಿನಿಕಲ್ ಇನ್ಫೆಕ್ಷಿಯಸ್ ಡಿಸೀಸಸ್ ಸೊಸೈಟಿ ಅಂದರೆ ಸಿಐಡಿಎಸ್, ಮತ್ತೆ ಎಲ್ಲಿ ಯಾವ ರೋಗ ಎದ್ದಿದೆ ಅಂತ ತಿಳಿಸುವ ಪ್ರೊಮೆಡ್ ನಡೆಸುವ ಅಂತರರಾಷ್ಟ್ರೀಯ ಸಂಘ ಐಎಸ್‌ಐಡಿ.

ಅಪ್ಪಯ್ಯನ ಹತ್ತಿರ ಸೊಸೈಟಿ ಮೆಂಬರ್ ಆಗ್ತೇನೆ ಅಂದೆ. ಶಿರಸಿಯಲ್ಲಿ ಸೊಸೈಟಿ ಅಂದರೆ ಅಡಿಕೆ ಹಾಕುವ ಸೊಸೈಟಿ ತಾನೇ. “ಷೇರು ಎಷ್ಟು? ಡಿವಿಡೆಂಡ್ ಎಷ್ಟು ಕೊಡ್ತಾರೆ? ಜನರಲ್ ಬಾಡಿಗೆ ಕರೀತಾರಾ?” ಅಂತ ಮೂರು ಪ್ರಶ್ನೆ ಹಾಕಿದರು. ಮೂರಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವೇ ಮೂರನ್ನು ಇಲ್ಲಿ ಕೇಳುತ್ತಿದ್ದೇನೆ. ಡಿ.ಎಂ. ಇಲ್ಲದ, ಪೇಪರ್ ಬರೆಯದ, ಘಟ್ಟದ ಮೇಲೆ ಕೂತ ಫಿಜಿಷಿಯನ್‌ಗೆ ಇದರಲ್ಲಿ ಹುಟ್ಟುವುದು ಏನು?

ಹಳೇ ಸ್ಟೆತ್, ಕುಮಟಾ:

ತಮಾ, ಮೊದಲು ಬೈಗುಳ, ಆಮೇಲೆ ಉತ್ತರ. ಮೂರು ದಿನ ಎಂತಕ್ಕೆ ಕಾದೆ? ಐದು ದಿನ ದಾಟಿದ ಜ್ವರ, ಬೆಟ್ಟದ ಕಥೆ, ಪ್ಲೇಟ್‌ಲೆಟ್ ಇಳಿದಿದೆ. ಶಿವಮೊಗ್ಗಕ್ಕೆ ಹೋದ ರಕ್ತ ಬಸ್ಸಲ್ಲಿರುವಾಗಲೇ ಡಾಕ್ಸಿ ಶುರು ಮಾಡಬಹುದಿತ್ತು. ಮಂಗನ ಕಾಯಿಲೆಗೆ ಅದರಿಂದ ಉಪಯೋಗ ಇಲ್ಲ, ಆದರೆ ತೊಂದರೆಯೂ ಇಲ್ಲ. ಸ್ಕ್ರಬ್ ಆದರೂ ಇಲಿಜ್ವರ ಆದರೂ ಬಚಾವು. ಇದನ್ನು ಹೇಳಿಕೊಡಲು ಅಮೆರಿಕ ಬೇಡ.

ನಾನು ಮೂವತ್ತೆಂಟು ವರ್ಷ ಪ್ರಾಕ್ಟೀಸ್ ಮಾಡಿದೆ. ಮೂರ್ನಾಲ್ಕು ಸಂಘಗಳಿಗೆ ಆಜೀವ ಸದಸ್ಯ. ಬಂದದ್ದು ಒಂದಷ್ಟು ಕ್ಯಾಲೆಂಡರು, ಎರಡು ಚರ್ಮದ ಬ್ಯಾಗು, ಚುನಾವಣೆ ಬಂದಾಗ ಓಟು ಕೇಳುವ ಫೋನು. ಒಂದು ಬ್ಯಾಗು ಚಲೋ ಇತ್ತು, ಮೊಮ್ಮಗ ಕಾಲೇಜಿಗೆ ಒಯ್ದ.

ಮತ್ತೊಂದು. ಮೆಂಬರ್ ಆದ ಕೂಡಲೇ ಬೋರ್ಡಿನಲ್ಲಿ ಹೆಸರಿನ ಮುಂದೆ ನಾಲ್ಕು ಅಕ್ಷರ ಬರೆಸಿಕೊಳ್ಳುವ ಚಪಲ ಕೆಲವರಿಗೆ. ನಿನಗಿಲ್ಲ ಅಂದುಕೊಳ್ಳುತ್ತೇನೆ. ವೈದ್ಯರ ನಡತೆಯ 2002ರ ನಿಯಮ ಓದು. ಮಾನ್ಯತೆ ಇರುವ ಪದವಿ ಹಾಕಿಕೋ. ಸದಸ್ಯತ್ವ ಹಾಕುವುದಾದರೆ ಅದು ವೃತ್ತಿಯ ಜ್ಞಾನ ಕೊಡುವಂಥದ್ದೋ ವಿಶೇಷ ಸಾಧನೆಗೆ ಸಿಕ್ಕಿದ್ದೋ ಆಗಿರಬೇಕು ಅಂತಿದೆ. ದುಡ್ಡು ಕಟ್ಟಿ ರಸೀದಿ ಪಡೆದದ್ದು ಸಾಧನೆ ಅಲ್ಲ.

ಓದುವುದಕ್ಕೆ ಅಂತಾದರೆ ಪುಕ್ಕಟೆಯೇ ಬೇಕಾದಷ್ಟಿದೆ. ಐಡಿಎಸ್‌ಎಯ ಗೈಡ್‌ಲೈನ್‌ಗಳನ್ನು ಸದಸ್ಯ ಅಲ್ಲದವರೂ ಓದಬಹುದು. ಅವರ ಮೂರು ಪತ್ರಿಕೆಗಳಲ್ಲಿ ಓಪನ್ ಫೋರಮ್ ಅನ್ನುವುದು ಪೂರ್ತಿ ಉಚಿತ. ಆಂಟಿಬಯೋಟಿಕ್ ಬಳಕೆಗೆ ಐಸಿಎಂಆರ್ ಮಾಡಿದ ಮಾರ್ಗಸೂಚಿಯೂ ಉಚಿತ, ಅದು ನಮ್ಮ ಊರಿನ ರೋಗಾಣು ನೋಡಿ ಬರೆದದ್ದು. ಅವನ್ನು ಓದಿ ಮುಗಿಸಿ ಆಮೇಲೆ ಷೇರು ಹಾಕು.

ಕಡಲತಡಿ ಮೈಕ್ರೋ, ಕಾರವಾರ:

ಹಿರಿಯರು ಹೇಳಿದ್ದರಲ್ಲಿ ಬ್ಯಾಗಿನ ವಿಷಯ ನಿಜ. ಉಳಿದದ್ದಕ್ಕೆ ನನ್ನದೊಂದು ತಕರಾರಿದೆ.

ನಾನು ಮೈಕ್ರೋಬಯಾಲಜಿ ಎಂ.ಡಿ., ಲ್ಯಾಬಿನಲ್ಲೇ ಇರುವವಳು. ಕೆಲವು ವರ್ಷ ಹಿಂದೆ ಒಂದು ಕಾನ್ಫರೆನ್ಸಿಗೆ ಹೋಗಿದ್ದೆ. ಎರಡು ದಿನದ ಭಾಷಣಗಳಲ್ಲಿ ಇವತ್ತಿಗೆ ಒಂದೂ ನೆನಪಿಲ್ಲ. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತ ಒಬ್ಬ ಹಿರಿಯ ಮೇಡಂ ಮಾತ್ರ ನೆನಪಿದ್ದಾರೆ. ಕರಾವಳಿಯವಳು ಅಂದ ಕೂಡಲೇ, “ಮೆಲಿಯಾಯ್ಡೋಸಿಸ್ ಎಷ್ಟು ಹಿಡಿದೆ?” ಅಂದರು. ಮಣ್ಣು, ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ರೋಗ ಅದು. ಒಂದೂ ಇಲ್ಲ ಅಂದೆ. “ಇಲ್ಲ ಅಲ್ಲ, ಬಿಸಾಡಿದ್ದೀಯ” ಅಂದರು. ತಟ್ಟೆ ಹಿಡಿದುಕೊಂಡೇ ಲ್ಯಾಬಿನಲ್ಲಿ ಇಡುವ ಮೂರು ಆಂಟಿಬಯೋಟಿಕ್ ಡಿಸ್ಕಿನ ಲೆಕ್ಕ ಹೇಳಿಕೊಟ್ಟರು. ಆಕ್ಸಿಡೇಸ್ ಪಾಸಿಟಿವ್ ಗ್ರಾಂ ನೆಗೆಟಿವ್ ಕಡ್ಡಿ, ಜೆಂಟಾಮೈಸಿನ್‌ಗೆ ಜಗ್ಗುವುದಿಲ್ಲ, ಕೊಲಿಸ್ಟಿನ್‌ಗೂ ಜಗ್ಗುವುದಿಲ್ಲ, ಆದರೆ ಆಗ್ಮೆಂಟಿನ್‌ಗೆ ಸಾಯುತ್ತದೆ. ಅಂಥದ್ದು ಕಂಡರೆ ಕೈ ತೊಳೆದುಕೊಂಡು ಕೂತು ಯೋಚನೆ ಮಾಡು ಅಂದರು.

ಮುಂದಿನ ಮಳೆಗಾಲದಲ್ಲೇ ಸಿಕ್ಕಿತು. ದೋಣಿ ಕೆಲಸದವರು, ಸಕ್ಕರೆ ಕಾಯಿಲೆ ಇದ್ದವರು, ಸ್ಪ್ಲೀನಿನಲ್ಲಿ ಕೀವು. ಎದೆಯ ಫೋಟೋ ನೋಡಿ ಎಲ್ಲೋ ಟಿ.ಬಿ. ಮಾತ್ರೆ ಶುರುವಾಗಿತ್ತು. ನಮ್ಮ ಮಷೀನು ಕೊಟ್ಟ ಹೆಸರೇ ಬೇರೆ. ಮೊದಲಾಗಿದ್ದರೆ ಸ್ಯೂಡೊಮೋನಾಸ್ ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಮೂರು ಡಿಸ್ಕು ಇಟ್ಟೆ. ಪ್ಲೇಟನ್ನು ಮತ್ತೆರಡು ದಿನ ಬಿಟ್ಟಾಗ ಕಾಲನಿ ಒಣಗಿದ ಹೂವಿನ ಹಾಗೆ ಸುಕ್ಕುಗಟ್ಟಿತು. ವಾರ್ಡಿಗೆ ಫೋನ್ ಮಾಡಿ ಸೆಫ್ಟಾಜಿಡಿಮ್ ಶುರು ಮಾಡಿಸಿದೆವು, ಆಮೇಲೆ ಮೂರು ತಿಂಗಳು ಕೋಟ್ರೈಮಾಕ್ಸಜೋಲ್. ಆ ಮನುಷ್ಯ ಈಗಲೂ ಬೈತಖೋಲ್ ಬಂದರಿನಲ್ಲಿ ಸಿಗುತ್ತಾರೆ, ಬಂಗಡೆ ಕೊಡಲು ಬರುತ್ತಾರೆ, ನಾನು ದುಡ್ಡು ಕೊಟ್ಟೇ ತರುತ್ತೇನೆ.

ಅಪ್ಪಯ್ಯ ಕೇಳಿದ ಡಿವಿಡೆಂಡ್ ಇದು ಅಂತ ಹೇಳಿ. ಗೈಡ್‌ಲೈನ್ ಪುಕ್ಕಟೆ ಸಿಗುತ್ತದೆ. ‘ಬಿಸಾಡಿದ್ದೀಯ’ ಅಂತ ಮುಖಕ್ಕೆ ಹೇಳುವವರು ಪಿಡಿಎಫ್‌ನಲ್ಲಿ ಸಿಗುವುದಿಲ್ಲ.

ಹಾಗಾಗಿ ನನ್ನ ಓಟು ಸಿಐಡಿಎಸ್‌ಗೆ. ವರ್ಷಕ್ಕೊಂದು ಸಮ್ಮೇಳನ, ಸಿಡ್ಸ್‌ಕಾನ್, ನಮ್ಮ ದೇಶದೊಳಗೇ. ಬರುವವರು ವೆಲ್ಲೂರು, ಮಣಿಪಾಲ, ಚಂಡೀಗಢದ ಕಡೆಯವರು. ನೀವು ಸ್ಕ್ರಬ್ ಅಂದರೆ ಅವರಿಗೆ ಅರ್ಥ ಹೇಳಬೇಕಾಗಿಲ್ಲ. 2012ರಲ್ಲಿ ಚೆನ್ನೈನಲ್ಲಿ ದೇಶದ ವೈದ್ಯ ಸಂಘಗಳು ಸೇರಿ ಆಂಟಿಬಯೋಟಿಕ್ ಕಡಿವಾಣಕ್ಕೆ ಚೆನ್ನೈ ಘೋಷಣೆ ಮಾಡಿದವಲ್ಲ, ಅಂಥ ಕೆಲಸಕ್ಕೆ ಸಂಘವೇ ಬೇಕು, ಒಬ್ಬೊಬ್ಬರೇ ಕೂಗಿದರೆ ಯಾರೂ ಕೇಳುವುದಿಲ್ಲ.

ಇನ್ನೊಂದು ಲೌಕಿಕ ಲಾಭ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ವೈದ್ಯರ ನೋಂದಣಿ ನವೀಕರಣಕ್ಕೆ ಐದು ವರ್ಷದಲ್ಲಿ ಕಲಿಕೆಯ 30 ಕ್ರೆಡಿಟ್ ಗಂಟೆ ಬೇಕಲ್ಲ. ಕೊನೆಯ ತಿಂಗಳು ಹುಬ್ಬಳ್ಳಿಗೆ ಓಡಿ ಕಣ್ಣು ಮುಚ್ಚಿ ಕೂರುವ ಬದಲು ನಿಮಗೆ ಬೇಕಾದ ವಿಷಯ ಕೇಳಿಯೇ ಗಳಿಸಬಹುದು. ಸಮ್ಮೇಳನಕ್ಕೆ ನೋಂದಣಿ ಮಾಡುವ ಮೊದಲು ಪರಿಷತ್ತಿನ ಕ್ರೆಡಿಟ್ ಇದೆಯಾ ಅಂತ ಆಯೋಜಕರನ್ನು ಕೇಳಿಕೊಳ್ಳಿ.

ಶರಾವತಿ ದಾಟಿದವ:

ಹೊನ್ನಾವರದವ, ಈಗ ಅಮೆರಿಕದಲ್ಲಿ ಸೋಂಕುರೋಗ ವೈದ್ಯ. ಐಡಿಎಸ್‌ಎ ಸದಸ್ಯ ನಾನು, ಆದರೂ ನಿಮಗೆ ‘ಈಗಲೇ ಬನ್ನಿ’ ಅನ್ನುವುದಿಲ್ಲ.

ಸಂಘ ಹುಟ್ಟಿದ್ದು 1963ರಲ್ಲಿ, ಈಗ 12,000ಕ್ಕೂ ಹೆಚ್ಚು ಸದಸ್ಯರು. ಇಲ್ಲಿ ಕೆಲಸ ಮಾಡುವವನಿಗೆ ಅದು ಬೇಕೇ ಬೇಕು. ನಮ್ಮ ಸಂಬಳ, ಆಸ್ಪತ್ರೆಯ ನಿಯಮ, ಸರ್ಕಾರದ ಜೊತೆ ವಾದ, ಎಲ್ಲಕ್ಕೂ ಅದೇ ಬಾಯಿ. ಅದರಲ್ಲಿ ಯಾವುದೂ ಶಿರಸಿಗೆ ತಾಗುವುದಿಲ್ಲ. ಉಣುಗಿನ ವಿಷಯವನ್ನೇ ತಗೊಳ್ಳಿ. 2020ರಲ್ಲಿ ಇವರು ಲೈಮ್ ರೋಗಕ್ಕೆ ದಪ್ಪ ಗೈಡ್‌ಲೈನ್ ಮಾಡಿದರು. ಇವರ ಉಣುಗು ಬೇರೆ, ನಮ್ಮ ಉಣುಗು ಬೇರೆ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಸಿಕ್ಕ ಮಂಗನ ಕಾಯಿಲೆಯ ವೈರಸ್ಸನ್ನು ನನ್ನ ಜೊತೆಯವರು ಪರೀಕ್ಷೆಗೆ ಓದಿದ್ದು ಬಿಟ್ಟರೆ ಯಾರೂ ಕಂಡವರಿಲ್ಲ.

ವೇಳೆಯದ್ದೂ ಒಂದು ಕಷ್ಟ. ಇಲ್ಲಿಯ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ಸಂಜೆ ನಾಲ್ಕಕ್ಕೆ ವೆಬಿನಾರ್ ಇಟ್ಟರೆ ನಿಮಗೆ ರಾತ್ರಿ ಒಂದೂವರೆ. ಐಡಿವೀಕ್ ಸಮ್ಮೇಳನಕ್ಕೆ ಬರಬೇಕಾದರೆ ವೀಸಾ, ವಿಮಾನ. ಅದರ ಬದಲು ಒಂದು ಒಳ್ಳೆ ಮೈಕ್ರೋಸ್ಕೋಪ್ ತಗೊಳ್ಳಿ.

ಆದರೆ ಒಂದು ಮಾತು. 2021ರಲ್ಲಿ ಇಲ್ಲಿ ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ವರಿಗೆ ಮೆಲಿಯಾಯ್ಡೋಸಿಸ್ ಬಂತು, ಅವರಲ್ಲಿ ಯಾರೂ ವಿದೇಶಕ್ಕೆ ಹೋದವರಲ್ಲ. ಇಬ್ಬರು ತೀರಿಕೊಂಡರು. ಹುಡುಕಿ ಹುಡುಕಿ ಕೊನೆಗೆ ಆ ರೋಗಾಣು ಸಿಕ್ಕಿದ್ದು ಒಬ್ಬರ ಮನೆಯಲ್ಲಿದ್ದ, ಭಾರತದಲ್ಲಿ ತಯಾರಾದ ಒಂದು ಸುಗಂಧದ ಸ್ಪ್ರೇ ಬಾಟಲಿಯಲ್ಲಿ. ಆಗ ಇಲ್ಲಿಯ ಎಷ್ಟೋ ಡಾಕ್ಟರುಗಳು ಆ ರೋಗದ ಹೆಸರನ್ನು ಮತ್ತೆ ಪುಸ್ತಕ ತೆಗೆದು ನೋಡಿದರು. ಕಾರವಾರದ ಮೇಡಂ ಮೂರು ಡಿಸ್ಕಿನಲ್ಲಿ ಹಿಡಿದದ್ದು ಇವರಿಗೆ ಗೊತ್ತಿರಲಿಲ್ಲ ನೋಡಿ. ನೀವು ಪೇಪರ್ ಬರೆಯುವವರಾದರೆ ಆಗ ಸೇರಿ. ಇಂಥ ಅಂತರರಾಷ್ಟ್ರೀಯ ಸಂಘಗಳಲ್ಲಿ ದೇಶದ ಆದಾಯ ನೋಡಿ ಶುಲ್ಕ ಇಳಿಸುವುದುಂಟು, ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ಭಾರತ ಕೆಳಮಧ್ಯಮ ಆದಾಯದ ಸಾಲಿನಲ್ಲಿದೆ. ಪೂರ್ತಿ ಶುಲ್ಕ ಕಟ್ಟುವ ಮೊದಲು ಆ ವರ್ಗ ಕೇಳಿ. ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಮೂರು ಸಲ ಫೇಲ್ ಆಗಿ ಸಿಟ್ಟು ಬರುತ್ತದೆ.

ಪ್ರೊಮೆಡ್ 1994ರಿಂದ ಇದೆ. ಯಾವ ಊರಲ್ಲಿ ಯಾವ ರೋಗ ಎದ್ದಿದೆ ಅಂತ ಬೇಗ ತಿಳಿಯಲು ಅದು ಉಪಯೋಗ, ಅದಕ್ಕೊಂದು ಕಣ್ಣಿಟ್ಟಿರಿ.

ತೋಟದ ಮನೆ:

ನಾನು ಡಾಕ್ಟರ್ ಅಲ್ಲ, ಸುಮ್ನೆ ಓದ್ತಾ ಇದ್ದೆ. ಉಣುಗು ಹತ್ತದ ಹಾಗೆ ಹಚ್ಚುವ ಡೆಪಾ ಎಣ್ಣೆ ಎಲ್ಲಿಗೆಲ್ಲ ಹಚ್ಚಬೇಕು? ನಮ್ಮ ಆಳುಗಳು ವಾಸನೆ ಅಂತ ಹಚ್ಚೋದಿಲ್ಲ. ಮಂಗನ ಕಾಯಿಲೆ ಲಸಿಕೆ ಈಗ ಯಾಕೆ ಕೊಡೋದಿಲ್ಲ? ಮತ್ತೆ ಮಗನಿಗೆ ಕೆನ್ನೆ ಊದಿದೆ, ಇದೂ ಮಂಗನದ್ದೇನಾ?

ಹಳೇ ಸ್ಟೆತ್, ಕುಮಟಾ:

ಕೆನ್ನೆ ಊದಿದ್ದು ಮಂಗನಬಾವು ಇರಬಹುದು. ಅದಕ್ಕೂ ಮಂಗಕ್ಕೂ ಹೆಸರಿನ ನಂಟು ಮಾತ್ರ. ಮಗುವನ್ನು ಶಾಲೆಗೆ ಕಳಿಸಬೇಡಿ, ಹತ್ತಿರದ ಡಾಕ್ಟರಿಗೆ ತೋರಿಸಿ. ಡೆಪಾ ಎಣ್ಣೆ ಬೆಟ್ಟಕ್ಕೆ ಹೋಗುವ ಮೊದಲು ಕೈಕಾಲಿಗೆ, ಬಟ್ಟೆಯಿಂದ ಹೊರಗಿರುವ ಕಡೆಗೆಲ್ಲ. ಕಣ್ಣು, ಬಾಯಿ, ಗಾಯಕ್ಕೆ ಬೇಡ. ಬಂದ ಮೇಲೆ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಮೀಯಿರಿ. ಹಳೆಯ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ 2022ರಲ್ಲಿ ನಿಲ್ಲಿಸಿದರು. ಎಲ್ಲಾದರೂ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ಹೇಳಿ.

ಬೆಟ್ಟದ ಡಾಕ್ಟ್ರು:

ಎಲ್ಲರಿಗೂ ಉಪಕಾರ ಆಯಿತು. ಹಿರಿಯರ ಬೈಗುಳವನ್ನು ಮೊದಲು ಜಮೆ ಮಾಡಿಕೊಂಡೆ. ಡಾಕ್ಸಿಗೆ ಕಾದದ್ದು ನನ್ನದೇ ತಪ್ಪು.

ಅಮೆರಿಕ ಸದ್ಯಕ್ಕೆ ಬೇಡ, ಸಿಐಡಿಎಸ್ ಅರ್ಜಿ ತುಂಬುತ್ತಿದ್ದೇನೆ. ಅಪ್ಪಯ್ಯನಿಗೆ ಕಾರವಾರದ ಮೇಡಂ ಬರೆದದ್ದನ್ನು ಓದಿ ಹೇಳಿದೆ. ಊಟದ ಸಾಲಿನ ಕಥೆ ಕೇಳಿ, “ಜನರಲ್ ಬಾಡಿಯಲ್ಲೂ ಹಾಗೇ, ಮೈಕಿನಲ್ಲಿ ಯಾರೂ ಖರೆ ದರ ಹೇಳೋದಿಲ್ಲ, ಪಾಯಸದ ಹತ್ತಿರ ಹೇಳ್ತಾರೆ” ಅಂದರು. ಷೇರು ಹಣ ತಾವೇ ಕೊಡುತ್ತೇನೆ ಅಂತಲೂ ಅಂದರು. ಅಡಿಕೆಗೆ ದರ ಚಲೋ ಇದೆ, ತಗೊಂಡೆ.

ಮೇಡಂ, ನಿಮ್ಮ ಹತ್ತಿರ ಒಂದು ಕೆಲಸ. ಆ ಸ್ಕ್ರಬ್ ಕೇಸನ್ನು ಬರೆಯೋಣ ಅಂತಿದ್ದೇನೆ. ಮಂಗನ ಕಾಯಿಲೆಯ ಸೀಮೆಯಲ್ಲಿ ಉಣುಗಿನ ಕಥೆ ಕೇಳಿ ಮೋಸ ಹೋದದ್ದು ನಾನೊಬ್ಬನೇ ಇರಲಾರೆ. ಸೀರಮ್ ಇನ್ನೂ ಫ್ರೀಜರಿನಲ್ಲಿದೆ, ಸ್ಕ್ರಬ್‌ಗೆ ಎಲೈಸಾ ಪರೀಕ್ಷೆ ನೀವು ಮಾಡಿಸಿಕೊಡಬಹುದಾ? ಆ ಅಮ್ಮನ ಮನೆಗೆ ಮೊನ್ನೆ ಹೋಗಿದ್ದೆ. ಫೋಟೋ ಬಳಸಲು ಒಪ್ಪಿಗೆ ಕೇಳಿದರೆ, “ಮುಖದ್ದಾದ್ರೆ ಬೇಡ, ಹೊಟ್ಟೆದಾದ್ರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ರೆ” ಅಂತ ನಕ್ಕು ಹೆಬ್ಬೆಟ್ಟು ಒತ್ತಿದರು. ಒಂದು ಚೀಲ ಬಾಳೆಕಾಯಿಯನ್ನೂ ಕೊಟ್ಟರು.

ಭಾನುವಾರ ಸ್ಯಾಂಪಲ್ ಹಿಡಿದು ದೇವಿಮನೆ ಘಟ್ಟ ಇಳಿದು ಬರುತ್ತೇನೆ. ಒಂದು ವಿಷಯ ಮೊದಲೇ ಕೇಳಿಕೊಳ್ಳುತ್ತೇನೆ. ಲೇಖಕರ ಹೆಸರಿನಲ್ಲಿ ನಮ್ಮ ಸಿಸ್ಟರ್ ಹೆಸರು ಮೊದಲು ಬರಬೇಕು ಅಂತ ನನ್ನ ಹಟ. ಹಕ್ಕಳೆ ಕಂಡದ್ದು ಅವರಿಗೆ. ನಿಮಗೇನೂ ಅಭ್ಯಂತರ ಇಲ್ಲವಲ್ಲ?